ಮೋಟಾರಿನ ಗೇರು ಬೆಳೆದು ಬಂದ ಬಗೆ

ಗೇರು ಎಂಬ ಮಾತು ಕನ್ನಡಿಗರ ಕಿವಿಗೆ ಹೊಸದಲ್ಲ. ಕರಾವಳಿಯವರಿಗೆ ಅದೊಂದು ಮರ, ಒಂದು ಹಣ್ಣು, ಒಂದು ಬೀಜ. ಮೋಟಾರು ನಡೆಸುವವರಿಗಾದರೋ ಅದು ಕೈಯಲ್ಲಿ ಹಿಡಿಯುವ ಒಂದು ದಂಡ. ಆ ದಂಡದ ಕೆಳಗೆ ಪೆಟ್ಟಿಗೆಯೊಂದರಲ್ಲಿ ಎಣ್ಣೆಯೊಳಗೆ ಮುಳುಗಿಕೊಂಡಿರುವ ಹಲ್ಲುಚಕ್ರಗಳ ಸಂಸಾರ. ಈ ಎರಡನೆಯ ಗೇರು ಇಂಗ್ಲಿಷಿನಿಂದ ನಮಗೆ ಬಂದುದು. ಇಂಗ್ಲಿಷಿಗಾದರೂ ಅದು ಸ್ವಂತದ ಸೊತ್ತಲ್ಲ. ಉತ್ತರ ಯೂರೋಪಿನ ಪ್ರಾಚೀನ ನಾರ್ಸ್ ಭಾಷೆಯಿಂದ ಕಡ ತಂದುಕೊಂಡದ್ದು. ಅದರ ಮೊದಲಿನ ಅರ್ಥ ಸಜ್ಜು, ಉಡುಗೆತೊಡುಗೆ, ಸಲಕರಣೆ ಎಂದು. ಹಲ್ಲುಚಕ್ರವೆಂಬ ಅರ್ಥ ಅದಕ್ಕೆ ಕೂಡಿಬಂದದ್ದು ಆಮೇಲೆ.

ಶಬ್ದದ ವಿಚಾರ ಅಷ್ಟಕ್ಕೆ ಇರಲಿ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬಸ್ಸಿನಲ್ಲಿ ಹತ್ತಿದವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಏರು ಮೊದಲಾಗುತ್ತಲೇ ಡ್ರೈವರು ಗೇರು ಬದಲಿಸುತ್ತಾನೆ. ಎಂಜಿನಿನ ದನಿ ಇದ್ದಕ್ಕಿದ್ದಂತೆ ಏರುತ್ತದೆ. ಬಸ್ಸು ಮಾತ್ರ ಮೊದಲಿಗಿಂತ ನಿಧಾನವಾಗಿ ಸಾಗುತ್ತದೆ. ಅಬ್ಬರ ಹೆಚ್ಚಿದಾಗ ಓಟ ಕಡಮೆಯಾಗುವುದೇಕೆ? ಹೆಚ್ಚಿದ ಆ ಅಬ್ಬರವೆಲ್ಲ ಹೋದದ್ದೆಲ್ಲಿಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಮೋಟಾರು ಗಾಡಿಯ ಚರಿತ್ರೆಯೇ ನಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಅದು ಕೇವಲ ಯಂತ್ರದ ಕಥೆಯಲ್ಲ. ಘಟ್ಟದ ದಾರಿಯಲ್ಲಿ ನಮ್ಮ ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ ವಿಷಯವೂ ಹೌದು.

ಮೊದಲು ಬೀಸುವ ಕಲ್ಲನ್ನು ನೆನೆದುಕೊಳ್ಳಿ. ಅದರ ಗೂಟವನ್ನು ನಮ್ಮ ಹಿರಿಯರು ಕಲ್ಲಿನ ಅಂಚಿನಲ್ಲಿ ನಾಟಿದರೇ ಹೊರತು ನಡುವಿನ ಹತ್ತಿರ ನಾಟಲಿಲ್ಲ. ಅಂಚಿನ ಗೂಟವನ್ನು ಕಿತ್ತು ಅರ್ಧ ದೂರಕ್ಕೆ ತಂದರೆ, ಅದೇ ಕಲ್ಲನ್ನು ತಿರುಗಿಸಲು ಎರಡರಷ್ಟು ಬಲ ಬೇಕಾಗುತ್ತದೆ. ಎಂದರೆ, ಒಂದು ವಸ್ತುವನ್ನು ತಿರುಗಿಸಬೇಕಾದರೆ ಹಾಕುವ ಬಲವೊಂದೇ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ನಡುವಿನಿಂದ ಎಷ್ಟು ದೂರದಲ್ಲಿ ಹಾಕುತ್ತೇವೆಂಬುದೂ ಲೆಕ್ಕಕ್ಕೆ ಬರುತ್ತದೆ. ಬಲವನ್ನೂ ದೂರವನ್ನೂ ಗುಣಿಸಿದರೆ ದೊರೆಯುವ ಈ ಪರಿಮಾಣಕ್ಕೆ ಯಂತ್ರಶಾಸ್ತ್ರದಲ್ಲಿ ಟಾರ್ಕ್ ಎಂದು ಹೆಸರು. ಇಲ್ಲಿ ನಾವು ಅದನ್ನು ತಿರುಗುಬಲವೆಂದು ಕರೆಯೋಣ. ಇನ್ನೊಂದು ಮಾತನ್ನೂ ಮರೆಯಬಾರದು. ಅಂಚಿನ ಗೂಟ ಕೈಗೆ ಹಗುರವೇನೋ ನಿಜ. ಆದರೆ ಒಂದು ಸುತ್ತಿಗೆ ಕೈ ಕ್ರಮಿಸಬೇಕಾದ ದಾರಿ ಹೆಚ್ಚು. ಬಲದಲ್ಲಿ ಉಳಿಸಿದ್ದನ್ನು ದಾರಿಯಲ್ಲಿ ಕೊಟ್ಟಂತಾಯಿತು.

ಹಲ್ಲುಚಕ್ರಗಳು ಮಾಡುವುದೂ ಇದನ್ನೇ. ಹತ್ತು ಹಲ್ಲುಗಳ ಪುಟ್ಟ ಚಕ್ರವೊಂದು ಮೂವತ್ತು ಹಲ್ಲುಗಳ ದೊಡ್ಡ ಚಕ್ರವನ್ನು ಕಚ್ಚಿಕೊಂಡು ತಿರುಗಿಸುತ್ತದೆಯೆನ್ನಿ. ಪುಟ್ಟದು ಮೂರು ಸುತ್ತು ಬಂದಾಗ ದೊಡ್ಡದು ಒಂದು ಸುತ್ತು ಬರುತ್ತದೆ. ಹಲ್ಲಿಗೆ ಹಲ್ಲು ತಾಗುವೆಡೆಯಲ್ಲಿ ಎರಡಕ್ಕೂ ಬಲ ಒಂದೇ. ಆದರೆ ದೊಡ್ಡ ಚಕ್ರದಲ್ಲಿ ಆ ಬಲ ನಡುವಿನಿಂದ ಮೂರರಷ್ಟು ದೂರದಲ್ಲಿದೆ. ಆದ್ದರಿಂದ ದೊಡ್ಡ ಚಕ್ರದ ಅಚ್ಚಿಗೆ ಮೂರರಷ್ಟು ತಿರುಗುಬಲ ಬರುತ್ತದೆ, ಮೂರರಲ್ಲಿ ಒಂದು ಪಾಲು ವೇಗ ಬರುತ್ತದೆ. ಹಾರೆಯಿಂದ ಬಂಡೆಯನ್ನು ಮೀಟುವವನು ಒಂದು ಬಾರಿ ಮೀಟಿ ನಿಲ್ಲಿಸಬೇಕು. ಹಲ್ಲುಚಕ್ರವಾದರೋ ಒಂದು ಹಲ್ಲು ಬಿಡುವಷ್ಟರಲ್ಲಿ ಇನ್ನೊಂದನ್ನು ಹಿಡಿದು ಎಡೆಬಿಡದೆ ಮೀಟುತ್ತಲೇ ಇರುತ್ತದೆ.

ಈ ತಿಳಿವಳಿಕೆ ಮೋಟಾರಿಗಿಂತ ಎಷ್ಟೋ ಹಳೆಯದು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಹೆರಾನ್ ಎಂಬ ಯಂತ್ರಜ್ಞನು ಹಲ್ಲುಚಕ್ರಗಳ ಸಾಲೊಂದನ್ನು ವರ್ಣಿಸಿದ್ದಾನೆ. ಸಾವಿರ ಟ್ಯಾಲೆಂಟ್ ತೂಕವನ್ನು ಐದು ಟ್ಯಾಲೆಂಟ್ ಬಲದಿಂದ ಎತ್ತುವ ಸಾಧನ ಅದು. ಎಂದರೆ ಬಲವನ್ನು ೨೦೦ ಪಟ್ಟು ಹೆಚ್ಚಿಸತಕ್ಕದ್ದು. ಬಲ ಕಡಮೆಯಾದಂತೆ ಕೆಲಸಕ್ಕೆ ಹಿಡಿಯುವ ಕಾಲ ಹೆಚ್ಚುತ್ತದೆಂಬುದನ್ನೂ ಅವನು ಕಂಡುಕೊಂಡಿದ್ದನು. ಸುಮಾರು ೧೬೦೦ರ ವೇಳೆಗೆ ಇಟಲಿಯ ಗೆಲಿಲಿಯೊ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದನು. ಯಂತ್ರದಿಂದ ಪ್ರಕೃತಿಯನ್ನು ವಂಚಿಸಬಲ್ಲೆವೆಂದು ಭಾವಿಸುವ ಕುಶಲಿಗಳು ತಾವೇ ವಂಚಿತರಾಗುತ್ತಾರೆ, ಬಲದಲ್ಲಿ ಗಳಿಸಿದ್ದಷ್ಟನ್ನೂ ವೇಗದಲ್ಲಿ ಕಳೆದುಕೊಳ್ಳಲೇಬೇಕು ಎಂಬುದು ಅವನ ವಾದದ ಸಾರ. ಮೋಟಾರಿನ ಗೇರನ್ನು ಅರಿಯಬಯಸುವವರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ತೆಗೆದುಕೊಂಡು ಬಲವನ್ನು ಕೊಡುತ್ತದೆ, ಅಥವಾ ಬಲವನ್ನು ತೆಗೆದುಕೊಂಡು ವೇಗವನ್ನು ಕೊಡುತ್ತದೆ. ಅದು ಬರಿಯ ವಿನಿಮಯ.

ಹಾಗಾದರೆ ರೈಲಿನ ಉಗಿಯಂತ್ರಕ್ಕೆ ಬೇಡವಾದ ಗೇರುಪೆಟ್ಟಿಗೆ ಮೋಟಾರಿಗೆ ಮಾತ್ರ ಏಕೆ ಬೇಕಾಯಿತು? ೧೮೨೯ರಲ್ಲಿ ಇಂಗ್ಲೆಂಡಿನಲ್ಲಿ ಪಂದ್ಯ ಗೆದ್ದು ಹೆಸರಾದ ಸ್ಟೀವನ್‌ಸನ್ನರ ರಾಕೆಟ್ ಎಂಬ ಉಗಿಬಂಡಿಯಲ್ಲಿ ಕೊಂತವು ನೇರವಾಗಿ ಗಾಲಿಯನ್ನೇ ತಿರುಗಿಸುತ್ತಿತ್ತು. ಉಗಿಯನ್ನು ಬೇರೊಂದು ಹಂಡೆಯಲ್ಲಿ ಕಾಯಿಸಿ ಕೂಡಿಹಾಕಿರುತ್ತಾರೆ. ಗಾಡಿ ನಿಂತಿರುವಾಗಲೂ ಅದರ ಒತ್ತಡ ಇದ್ದೇ ಇರುತ್ತದೆ. ನೊಗಕ್ಕೆ ಹೆಗಲು ಕೊಟ್ಟ ಎತ್ತು ಹೂತುಹೋದ ಗಾಡಿಯನ್ನು ನಿಂತಲ್ಲಿಂದಲೇ ಜಗ್ಗುವಂತೆ ಉಗಿಯೂ ನಿಂತಲ್ಲಿಂದಲೇ ಜಗ್ಗಬಲ್ಲದು. ಪೆಟ್ರೋಲ್ ಎಂಜಿನು ಹಾಗಲ್ಲ. ಅದರ ಬಲವೆಲ್ಲ ಉರುಳೆಯೊಳಗೆ ಕ್ಷಣಕ್ಷಣಕ್ಕೂ ಹೊತ್ತಿಕೊಳ್ಳುವ ಪೆಟ್ರೋಲಿನದು. ಎಂಜಿನು ಸುತ್ತುತ್ತಿದ್ದರೆ ತಾನೆ ಉರುಳೆಗೆ ಪೆಟ್ರೋಲೂ ಗಾಳಿಯೂ ಹೋದಾವು? ನಿಮಿಷಕ್ಕೆ ನೂರಾರು ಸುತ್ತು ತಿರುಗಿದರೆ ಅದಕ್ಕೆ ಜೀವ. ಸುತ್ತು ತೀರ ಕಡಮೆಯಾಯಿತೋ ಕೆಮ್ಮಿ ಕುಗ್ಗಿ ನಿಂತುಬಿಡುತ್ತದೆ. ನಿಂತ ಎಂಜಿನಿಗೆ ಬಲವೆಂಬುದೇ ಇಲ್ಲ. ಆದರೆ ಗಾಡಿಗೆ ಬಲ ಅತ್ಯಧಿಕವಾಗಿ ಬೇಕಾಗುವುದು ನಿಂತಲ್ಲಿಂದ ಹೊರಡುವಾಗ, ಮತ್ತು ಏರನ್ನು ಹತ್ತುವಾಗ; ಎರಡೂ ಮಂದಗತಿಯ ಸಂದರ್ಭಗಳೇ. ಎಂಜಿನಿನ ಸ್ವಭಾವಕ್ಕೂ ರಸ್ತೆಯ ಸ್ವಭಾವಕ್ಕೂ ಹೀಗೆ ವೈರ. ಈ ವೈರವನ್ನು ತೀರಿಸುವ ಮಧ್ಯಸ್ಥನೇ ಗೇರು.

ಈ ಮಧ್ಯಸ್ಥನ ಆವಶ್ಯಕತೆ ಲೋಕಕ್ಕೆ ತಿಳಿದುಬಂದದ್ದು ಸ್ವಾರಸ್ಯವಾದ ಕಥೆ. ಜರ್ಮನಿಯ ಕಾರ್ಲ್ ಬೆಂಜ್ ಎಂಬ ಎಂಜಿನಿಯರು ೧೮೮೬ನೆಯ ಇಸವಿ ಜನವರಿ ೨೯ರಂದು ತನ್ನ ಪೆಟ್ರೋಲ್ ಗಾಡಿಗೆ ಪೇಟೆಂಟು ಬೇಡಿದನು. ಮೂರು ಗಾಲಿಯ ಗಾಡಿ. ಒಂದೇ ಉರುಳೆಯ ಎಂಜಿನು. ಒಂದು ಅಶ್ವಶಕ್ತಿಗೂ ಕಡಮೆ ಸಾಮರ್ಥ್ಯ. ಎಂಜಿನಿನಿಂದ ಒಂದು ಪಟ್ಟಿ, ಪಟ್ಟಿಯ ಮುಂದೆ ಸರಪಣಿಗಳು, ಸರಪಣಿಗಳಿಂದ ಹಿಂದಿನ ಗಾಲಿಗಳು. ಬಲ ಹರಿಯುತ್ತಿದ್ದ ದಾರಿ ಇಷ್ಟೇ. ಸಮತಟ್ಟಾದ ಬೀದಿಯಲ್ಲಿ ಅದು ಗಂಟೆಗೆ ಸುಮಾರು ೧೬ ಕಿಲೋಮೀಟರು ಓಡುತ್ತಿತ್ತು. ಜನ ನಿಂತು ನೋಡಿದರು, ಬೆರಗಾದರು. ಕೊಳ್ಳಲು ಮಾತ್ರ ಮುಂದೆ ಬರಲಿಲ್ಲ.

೧೮೮೮ರ ಆಗಸ್ಟ್ ತಿಂಗಳ ಒಂದು ದಿನ ಬೆಂಜನ ಮಡದಿ ಬರ್ಥಾ, ಗಂಡನಿಗೆ ಮುಂಚಿತವಾಗಿ ತಿಳಿಸದೆ, ಅಂಥದೊಂದು ಗಾಡಿಯನ್ನು ಹೊರಡಿಸಿಕೊಂಡು ತನ್ನ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮ್ ನಗರದಿಂದ ತೌರೂರಾದ ಫೋರ್ಟ್ಸ್‌ಹೈಮ್‌ಗೆ ಪ್ರಯಾಣ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅಷ್ಟು ದೂರವನ್ನು ಅಂಥ ಗಾಡಿಯಲ್ಲಿ ಅದುವರೆಗೆ ಯಾರೂ ಕ್ರಮಿಸಿರಲಿಲ್ಲ. ಇಂಧನ ಮುಗಿದಾಗ ವೀಸ್ಲಾಖ್ ಎಂಬ ಊರಿನ ಔಷಧದಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕವನ್ನು ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಸೂಜಿಯಿಂದ ಬಿಡಿಸಿದಳು. ಇದನ್ನೆಲ್ಲ ಹಲವರು ಬರೆದಿದ್ದಾರೆ. ನಮ್ಮ ವಿಷಯಕ್ಕೆ ಮುಖ್ಯವಾದವು ಬೇರೆ ಎರಡು ಸಂಗತಿಗಳು. ಏರು ಬಂದಲ್ಲೆಲ್ಲ ಗಾಡಿ ಸೋತಿತು, ಇಳಿದು ತಳ್ಳಬೇಕಾಯಿತು. ಇಳಿಜಾರು ಬಂದಲ್ಲಿ ಮರದ ಬ್ರೇಕು ತುಂಡುಗಳು ಸವೆದುಹೋದವು. ದಾರಿಯಲ್ಲಿ ಒಬ್ಬ ಚಮ್ಮಾರನ ಕೈಯಿಂದ ಅವಕ್ಕೆ ತೊಗಲು ಹೊಡೆಸಬೇಕಾಯಿತು. ಏರಿನಲ್ಲಿ ಬಲ ಸಾಲದು, ಇಳಿಜಾರಿನಲ್ಲಿ ತಡೆ ಸಾಲದು. ಈ ಎರಡನ್ನೂ ನೀವು ನೆನಪಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ಊರಿಗೆ ಮರಳಿದ ಬರ್ಥಾ ಗಂಡನಿಗೆ ಹೇಳಿದ ಮುಖ್ಯ ಸಲಹೆ, ಏರು ಹತ್ತಲು ಇನ್ನೂ ಕೆಳಗಿನ ಒಂದು ಗೇರು ಬೇಕೆಂಬುದು. ಬೆಂಜನು ಅದನ್ನು ಒಪ್ಪಿ ಗಾಡಿಗೆ ಅಳವಡಿಸಿದನು. ಎಂಜಿನು ಅವನ ಲೆಕ್ಕದ ಹಾಳೆಯ ಮೇಲೆ ಹುಟ್ಟಿರಬಹುದು. ಆದರೆ ಅದಕ್ಕೆ ಏನು ಕೊರತೆಯೆಂಬುದು ಗೊತ್ತಾದದ್ದು ಏರಿನಲ್ಲಿ ಗಾಡಿಗೆ ಭುಜ ಕೊಟ್ಟು ತಳ್ಳಿದ ಹೆಣ್ಣುಮಗಳಿಗೆ. ಮೋಟಾರಿನ ಚರಿತ್ರೆಯನ್ನು ಬರೆಯುವವರು ಪೇಟೆಂಟಿನ ಸಂಖ್ಯೆಯನ್ನು ಬಿಡದೆ ನಮೂದಿಸುತ್ತಾರೆ; ಈ ಸಲಹೆಗೂ ಅಷ್ಟೇ ಗೌರವದ ಸ್ಥಾನ ಸಲ್ಲಬೇಕು.

ಮರುವರ್ಷವೇ, ೧೮೮೯ರಲ್ಲಿ, ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಡೈಮ್ಲರ್ ಮತ್ತು ಮೇಬಾಕ್ ಎಂಬ ಜರ್ಮನ್ ಜೋಡಿ ನಾಲ್ಕು ಹಂತದ ಹಲ್ಲುಚಕ್ರಗಳ ಗಾಡಿಯೊಂದನ್ನು ತಂದು ನಿಲ್ಲಿಸಿದರು. ಅಲ್ಲಿಂದಾಚೆಗೆ ಫ್ರಾನ್ಸಿನವರು ಈ ವಿದ್ಯೆಯನ್ನು ಕೈಗೆತ್ತಿಕೊಂಡರು. ಎಮಿಲ್ ಲೆವಸ್ಸೋರ್ ಎಂಬ ಎಂಜಿನಿಯರು ೧೮೯೧ರ ಸುಮಾರಿಗೆ ಎಂಜಿನನ್ನು ಗಾಡಿಯ ಮುಂಭಾಗದಲ್ಲಿಟ್ಟು, ಅದರ ಹಿಂದೆ ಕ್ಲಚ್ಚನ್ನೂ, ಅದರ ಹಿಂದೆ ಗೇರುಗಳನ್ನೂ ಸಾಲಾಗಿ ಜೋಡಿಸಿದನು. ಆಮೇಲಿನ ಹಲವು ದಶಕಗಳ ಕಾಲ ಮೋಟಾರುಗಳು ಬಹುಮಟ್ಟಿಗೆ ಅನುಸರಿಸಿದ್ದು ಈ ಏರ್ಪಾಡನ್ನೇ. ಅವನ ಗೇರುಗಳು ದಂಡದ ಮೇಲೆ ಜಾರುವಂಥವು. ಒಂದು ಚಕ್ರವನ್ನು ಸರಿಸಿ, ತಿರುಗುತ್ತಿರುವ ಇನ್ನೊಂದರ ಹಲ್ಲುಗಳಿಗೆ ತುರುಕಬೇಕು. ಸುತ್ತುಗಳು ಹೊಂದದಿದ್ದರೆ ಕಬ್ಬಿಣ ಕಬ್ಬಿಣವನ್ನು ಕಡಿಯುವ ಕರ್ಕಶ ಸದ್ದು. ಇದು ಒರಟು ಕೆಲಸವೇ ಸರಿ, ಆದರೆ ಕೆಲಸವೇನೋ ನಡೆಯುತ್ತದೆ ಎಂದು ಅವನೇ ಹೇಳಿದನೆಂಬ ಪ್ರತೀತಿಯುಂಟು. ನಡೆಯಿತು ನಿಜ. ೧೮೯೫ರಲ್ಲಿ ಪ್ಯಾರಿಸ್ಸಿನಿಂದ ಬೋರ್ಡೋ ನಗರಕ್ಕೆ ಹೋಗಿ ಹಿಂತಿರುಗುವ ೧,೧೭೮ ಕಿಲೋಮೀಟರಿನ ಪಂದ್ಯದಲ್ಲಿ ಲೆವಸ್ಸೋರನು ೪೮ ಗಂಟೆ ೪೮ ನಿಮಿಷಗಳಲ್ಲಿ ಎಲ್ಲರಿಗಿಂತ ಮುಂಚೆ ಬಂದು ಮುಟ್ಟಿದನು.

ಇನ್ನೊಬ್ಬ ಫ್ರೆಂಚನ ಕಥೆ ಇದಕ್ಕಿಂತ ರಮ್ಯವಾದುದು. ಲೂಯಿ ರೆನೋ ಎಂಬ ೨೧ ವರ್ಷದ ತರುಣ, ಎರಡು ಅಶ್ವಶಕ್ತಿಗೂ ಕಡಮೆಯ ಪುಟ್ಟ ಎಂಜಿನಿನಿಂದ ಒಂದು ಗಾಡಿಯನ್ನು ಕಟ್ಟಿದನು. ಅದಕ್ಕೆ ಮುಂದಕ್ಕೆ ಹೋಗುವ ಗೇರುಗಳು ಮೂರು. ಮೇಲಿನ ಗೇರಿನಲ್ಲಿ ಎಂಜಿನಿನ ಕಡೆಯ ದಂಡವೂ ಗಾಲಿಯ ಕಡೆಯ ದಂಡವೂ ನೇರವಾಗಿ ಒಂದಕ್ಕೊಂದು ಕೂಡಿಕೊಳ್ಳುವಂತೆ ಅವನು ಏರ್ಪಡಿಸಿದ್ದನು. ಸಮದಾರಿಯಲ್ಲಿ ಹಲ್ಲುಗಳ ತಿಕ್ಕಾಟವಿಲ್ಲ, ಶಕ್ತಿಯ ಪೋಲೂ ಕಡಮೆ. ೧೮೯೮ರ ಡಿಸೆಂಬರ್ ೨೪ರ ಸಂಜೆ, ಕ್ರಿಸ್‌ಮಸ್ ಮುನ್ನಾದಿನ, ಗೆಳೆಯರೊಡನೆ ಪಣ ಕಟ್ಟಿ ಅವನು ಪ್ಯಾರಿಸ್ಸಿನ ಮೊಂಮಾರ್ತ್ ದಿಣ್ಣೆಯ ಲೆಪಿಕ್ ಬೀದಿಯನ್ನು ಈ ಗಾಡಿಯಲ್ಲಿ ಹತ್ತಿದನು. ಆ ಬೀದಿಯ ಏರು ಶೇಕಡ ೧೩. ನೂರಡಿ ನಡೆದರೆ ಹದಿಮೂರಡಿ ಎತ್ತರ. ಗಾಡಿ ನಿಲ್ಲದೆ ಹತ್ತಿತು. ಆ ರಾತ್ರಿಯೇ ಹನ್ನೆರಡು ಗಾಡಿಗಳಿಗೆ ಬೇಡಿಕೆ ಬಂತು. ಮರುವರ್ಷ ತನ್ನ ಗೇರಿಗೆ ಅವನು ಪೇಟೆಂಟು ಪಡೆದನು. ರೆನೋ ಕಾರಖಾನೆಯ ಆರಂಭ ಇಲ್ಲಿಂದಲೇ. ನೋಡಿ, ಬೆಂಜನ ಗಾಡಿಯನ್ನು ತಡೆದದ್ದೂ ಏರು, ರೆನೋನಿಗೆ ಬಾಳು ಕೊಟ್ಟದ್ದೂ ಏರು. ನಡುವೆ ಇದ್ದ ವ್ಯತ್ಯಾಸ ಎಂಜಿನಿನ ಗಾತ್ರದ್ದಲ್ಲ, ಗೇರಿನದು.

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಮೇಷ್ಟರಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲವೆಂದು ನೀವು ನಕ್ಕರೂ ಚಿಂತೆಯಿಲ್ಲ. ಎಣಿಕೆಗೆ ಅನುಕೂಲವಾಗುವಂತೆ ೮೦೦ ಕಿಲೋಗ್ರಾಂ ತೂಕದ ಒಂದು ಪುಟ್ಟ ಕಾರನ್ನು ಕಲ್ಪಿಸಿಕೊಳ್ಳಿ. ಅದರ ಎಂಜಿನು ನಿಮಿಷಕ್ಕೆ ೩,೦೦೦ ಸುತ್ತಿನಲ್ಲಿ ೬೦ ನ್ಯೂಟನ್-ಮೀಟರಿನಷ್ಟು ತಿರುಗುಬಲ ಕೊಡುತ್ತದೆಯೆನ್ನಿ. ಗಾಲಿಯ ನಡುವಿನಿಂದ ಅಂಚಿಗೆ ೦.೩ ಮೀಟರು ದೂರ. ಮೊದಲನೆಯ ಗೇರಿನಲ್ಲಿ ಎಂಜಿನು ೧೪ ಸುತ್ತು ಬಂದರೆ ಗಾಲಿ ಒಂದು ಸುತ್ತು. ನಾಲ್ಕನೆಯ ಗೇರಿನಲ್ಲಿ ಎಂಜಿನಿನ ೪ ಸುತ್ತಿಗೆ ಗಾಲಿ ಒಂದು ಸುತ್ತು. ಮೊದಲನೆಯ ಗೇರಿನಲ್ಲಿ ಗಾಲಿಗೆ ಬರುವ ತಿರುಗುಬಲ ೬೦ರ ೧೪ ಪಟ್ಟು, ಎಂದರೆ ೮೪೦. ಅದನ್ನು ೦.೩ರಿಂದ ಭಾಗಿಸಿದರೆ ಗಾಲಿ ರಸ್ತೆಯನ್ನು ಒದೆಯುವ ಬಲ ದೊರೆಯುತ್ತದೆ: ೨,೮೦೦ ನ್ಯೂಟನ್. ನಾಲ್ಕನೆಯದರಲ್ಲಿ ಅದು ೮೦೦ ನ್ಯೂಟನ್ ಮಾತ್ರ.

ಬಲವನ್ನು ತೂಕದ ರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ಎಂದರೆ ಕ್ಷಣಕ್ಷಣಕ್ಕೆ ವೇಗ ಏರುವ ಪ್ರಮಾಣ, ತಿಳಿಯುತ್ತದೆ. ಇದು ನ್ಯೂಟನ್ ಮಹಾಶಯನು ಹಾಕಿಕೊಟ್ಟ ಸೂತ್ರ. ಗಾಳಿಯ ತಡೆ, ತಿಕ್ಕಾಟ ಮೊದಲಾದವನ್ನು ಸದ್ಯಕ್ಕೆ ಬದಿಗಿಟ್ಟರೆ, ಮೊದಲನೆಯ ಗೇರಿನಲ್ಲಿ ಕಾರಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಮೂರೂವರೆ ಮೀಟರಿನಂತೆ ಹೆಚ್ಚುತ್ತದೆ; ನಾಲ್ಕನೆಯದರಲ್ಲಿ ಒಂದೇ ಮೀಟರಿನಂತೆ. ಹೊರಡುವಾಗ ಮೊದಲನೆಯ ಗೇರೇ ಏಕೆಂಬುದು ಇದರಿಂದ ತಿಳಿಯಿತು. ಆದರೆ ವೇಗವನ್ನು ನೋಡಿ. ಎಂಜಿನು ನಿಮಿಷಕ್ಕೆ ೩,೦೦೦ ಸುತ್ತು ಬರುವಾಗ ಮೊದಲನೆಯ ಗೇರಿನಲ್ಲಿ ಕಾರು ಗಂಟೆಗೆ ಸುಮಾರು ೨೪ ಕಿಲೋಮೀಟರು ಓಡಿದರೆ, ನಾಲ್ಕನೆಯದರಲ್ಲಿ ಸುಮಾರು ೮೫ ಓಡುತ್ತದೆ. ಬಲ ಮೂರೂವರೆ ಪಟ್ಟು, ವೇಗ ಮೂರೂವರೆಯಲ್ಲೊಂದು ಪಾಲು. ಎರಡನ್ನೂ ಗುಣಿಸಿದರೆ ಬರುವ ಸಾಮರ್ಥ್ಯ ಎರಡು ಗೇರಿನಲ್ಲೂ ಒಂದೇ. ಗೆಲಿಲಿಯೊ ಹೇಳಿದ ವಿನಿಮಯ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಇನ್ನು ಈ ಕಾರನ್ನು ಲೆಪಿಕ್ ಬೀದಿಗೆ ಕೊಂಡೊಯ್ಯೋಣ. ಶೇಕಡ ೧೩ರ ಏರಿನಲ್ಲಿ ಭೂಮಿ ಅದನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು ೧,೦೪೦ ನ್ಯೂಟನ್. ನಾಲ್ಕನೆಯ ಗೇರಿನ ೮೦೦ ಇದಕ್ಕೆ ಸಾಲದು. ಕಾರು ಕುಗ್ಗುತ್ತ ಬಂದು ನಿಲ್ಲುತ್ತದೆ. ಮೊದಲನೆಯ ಗೇರಿನ ೨,೮೦೦ರಲ್ಲಿ ೧,೦೪೦ನ್ನು ಭೂಮಿಗೆ ಒಪ್ಪಿಸಿದರೂ ೧,೭೬೦ ಮಿಗುತ್ತದೆ. ಕಾರು ಹತ್ತುವುದು ಮಾತ್ರವಲ್ಲ, ಹತ್ತುತ್ತಲೇ ವೇಗ ಕೂಡಿಸಿಕೊಳ್ಳಬಲ್ಲದು. ಘಟ್ಟದಲ್ಲಿ ಬಸ್ಸಿನ ಎಂಜಿನು ಅಬ್ಬರಿಸಿದಾಗ ಆ ಅಬ್ಬರ ಹೋದದ್ದೆಲ್ಲಿಗೆ ಎಂದು ಕೇಳಿದೆವಷ್ಟೆ. ಅದು ಹೆಚ್ಚು ಸುತ್ತುಗಳ ರೂಪದಲ್ಲಿ ಗೇರುಪೆಟ್ಟಿಗೆಯನ್ನು ಹೊಕ್ಕು ಹೆಚ್ಚು ಬಲದ ರೂಪದಲ್ಲಿ ಗಾಲಿಗೆ ಬಂತು. ಒಂದರಿಂದ ನಾಲ್ಕಕ್ಕೆ ಒಮ್ಮೆಲೇ ನೆಗೆಯಲಾಗದೆಂದೇ ನಡುವೆ ಎರಡು ಮೂರು ಎಂಬ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನಲ್ಲೂ ಎಂಜಿನು ತನಗೆ ಒಗ್ಗುವ ಸುತ್ತುಗಳಲ್ಲೇ ಇರುವಂತೆ ನೋಡಿಕೊಳ್ಳುವುದು ಡ್ರೈವರನ ಜಾಣತನ.

ಅಮೆರಿಕದ ಹೆನ್ರಿ ಫೋರ್ಡನು ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಯಷ್ಟು ತಯಾರಿಸಿ ಮಾರಿದ ಟಿ ಮಾದರಿಯ ಗಾಡಿಯಲ್ಲಿ ಮುಂದಕ್ಕೆ ಎರಡೇ ಗೇರು. ಅವನ್ನು ಬದಲಿಸುತ್ತಿದ್ದುದು ಕಾಲಿನಿಂದ. ರೈತನು ಅರ್ಧ ದಿನದಲ್ಲಿ ಕಲಿಯುವಂತಿರಬೇಕೆಂಬುದು ಅದರ ಸೊಗಸು. ಆದರೆ ಕಡಿದಾದ ದಿಣ್ಣೆಗಳನ್ನು ಅಲ್ಲಿಯ ಜನ ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ, ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ಇದಕ್ಕೆ ಕಾರಣ ಎರಡು. ಪೆಟ್ರೋಲು ತೊಟ್ಟಿಯಿಂದ ಎಂಜಿನಿಗೆ ತನ್ನ ಭಾರದಿಂದಲೇ ಹರಿದುಬರಬೇಕಾಗಿತ್ತು. ಕಡಿದಾದ ಏರಿನಲ್ಲಿ ಮುಮ್ಮುಖವಾಗಿ ಹೋದರೆ ಅದು ಹರಿಯುತ್ತಿರಲಿಲ್ಲ. ಅಲ್ಲದೆ ಕೆಳಗಿನ ಗೇರು ಬಲವನ್ನು ೨.೭೫ ಪಟ್ಟು ಹೆಚ್ಚಿಸಿದರೆ ಹಿನ್ನಡೆಯ ಗೇರು ೪ ಪಟ್ಟು ಹೆಚ್ಚಿಸುತ್ತಿತ್ತು. ಪುಸ್ತಕ ಓದದ ರೈತರೂ ತಮ್ಮ ಗಾಡಿಯಲ್ಲಿ ಬಲ ಎಲ್ಲಿ ಅಡಗಿದೆಯೆಂಬುದನ್ನು ಕಂಡುಕೊಂಡಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮುಂದಿನ ಚರಿತ್ರೆಯೆಲ್ಲ ಡ್ರೈವರನ ಕೈಯಲ್ಲಿದ್ದ ಕುಶಲತೆ ಮೆಲ್ಲಮೆಲ್ಲನೆ ಪೆಟ್ಟಿಗೆಯೊಳಕ್ಕೆ ಹೋಗಿ ಸೇರಿದ ಚರಿತ್ರೆ. ಲೆವಸ್ಸೋರನ ಬಗೆಯ ಗೇರುಗಳಲ್ಲಿ ಹಲ್ಲುಗಳು ಕಚ್ಚಾಡದಂತೆ ಬದಲಿಸಬೇಕಾದರೆ ಕ್ಲಚ್ಚನ್ನು ಎರಡು ಬಾರಿ ತುಳಿದು, ನಡುವೆ ಎಂಜಿನಿನ ಸುತ್ತನ್ನು ಕಿವಿಯಿಂದಲೇ ಅಳೆದು ಹೊಂದಿಸಬೇಕಾಗಿತ್ತು. ಹಳೆಯ ಲಾರಿಗಳ ಡ್ರೈವರುಗಳು ಈ ವಿದ್ಯೆಯಲ್ಲಿ ಪಳಗಿದವರು. ಅಮೆರಿಕದ ಕ್ಯಾಡಿಲಾಕ್ ಗಾಡಿಗೆ ೧೯೨೮ರಲ್ಲಿ ಬಂದ ಹೊಸ ಏರ್ಪಾಡಿನಲ್ಲಿ, ಹಲ್ಲುಗಳು ಸಂಧಿಸುವುದಕ್ಕೆ ಮೊದಲೇ ಶಂಕುವಿನಾಕಾರದ ಎರಡು ಭಾಗಗಳು ಒಂದಕ್ಕೊಂದು ಉಜ್ಜಿ ಸುತ್ತುಗಳನ್ನು ಸಮಗೊಳಿಸಿಬಿಡುತ್ತಿದ್ದವು. ಅರ್ಲ್ ಥಾಮ್ಸನ್ ಎಂಬಾತನ ಈ ಕಲ್ಪನೆಗೆ ಸಿಂಕ್ರೊಮೆಷ್ ಎಂದು ಹೆಸರು. ೧೯೩೯ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಗಾಡಿಗಳಿಗೆ ತಾನೇ ಗೇರು ಬದಲಿಸಿಕೊಳ್ಳುವ ಹೈಡ್ರಮ್ಯಾಟಿಕ್ ಬಂತು. ಕ್ಲಚ್ಚಿನ ಪೆಡಲೇ ಕಾಣೆಯಾಯಿತು. ೧೯೫೮ರಲ್ಲಿ ಹಾಲೆಂಡಿನ ಡಾಫ್ ಕಂಪೆನಿಯವರು ಹಲ್ಲುಚಕ್ರಗಳ ಮೆಟ್ಟಿಲುಗಳನ್ನೇ ಬಿಟ್ಟು, ಅಗಲ ಕಿರಿದಾಗುವ ರಾಟೆಗಳ ಮೇಲೆ ಪಟ್ಟಿಗಳನ್ನು ಓಡಿಸಿ ಎಡೆಬಿಡದೆ ಬದಲಾಗುವ ಗೇರನ್ನು ತೋರಿಸಿದರು. ಆ ಕಾರು ಮುಂದಕ್ಕೆ ಓಡುವಷ್ಟೇ ವೇಗವಾಗಿ ಹಿಂದಕ್ಕೂ ಓಡಬಲ್ಲದಾಗಿತ್ತು. ನಮ್ಮ ದೇಶದಲ್ಲಿ ೨೦೧೪ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್ ಕಾರನ್ನು ಬಲ್ಲವರಿಗೆ, ಸ್ಟೀರಿಂಗಿನ ಕೊರಳಲ್ಲೇ ಇದ್ದ ಅದರ ಗೇರುದಂಡ ನೆನಪಿರಬಹುದು. ದಂಡ ಎಲ್ಲಿದ್ದರೇನು, ಪೆಟ್ಟಿಗೆಯೊಳಗಿನ ವಿನಿಮಯ ಒಂದೇ.

ಇದುವರೆಗೆ ಏರಿನ ಮಾತಾಯಿತು. ಬರ್ಥಾಳ ಪ್ರಯಾಣದ ಎರಡನೆಯ ತೊಂದರೆ, ಇಳಿಜಾರಿನದು, ಉಳಿದಿದೆ. ನನ್ನ ಮುಖ್ಯ ಮಾತು ಇರುವುದೂ ಇಲ್ಲಿಯೇ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನು ಗಾಡಿಯನ್ನು ಎಳೆಯುವುದಿಲ್ಲ. ಗಾಡಿಯೇ ಎಂಜಿನನ್ನು ತಿರುಗಿಸಬೇಕಾಗುತ್ತದೆ. ಎಂಜಿನು ಆಗ ತಡೆಯೊಡ್ಡುತ್ತದೆ. ಬಲವನ್ನು ಹೆಚ್ಚಿಸಿದ ಅದೇ ಗೇರು ಈಗ ಆ ತಡೆಯನ್ನೂ ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ನಮ್ಮ ಲೆಕ್ಕದ ಕಾರಿನಲ್ಲಿ ಈ ತಡೆ ೧೫ ನ್ಯೂಟನ್-ಮೀಟರಿನಷ್ಟು ಎಂದಿಟ್ಟುಕೊಂಡರೆ, ಮೊದಲನೆಯ ಗೇರಿನಲ್ಲಿ ಗಾಲಿಯ ಬಳಿ ಅದು ೭೦೦ ನ್ಯೂಟನ್ ಆಗುತ್ತದೆ, ನಾಲ್ಕನೆಯದರಲ್ಲಿ ೨೦೦, ಗೇರು ಬಿಡಿಸಿ ನ್ಯೂಟ್ರಲಿನಲ್ಲಿ ಇಳಿದರೆ ಸೊನ್ನೆ. ಕೆಳಕ್ಕೆ ಎಳೆಯುವ ಬಲವೋ ೧,೦೪೦. ಮೊದಲನೆಯ ಗೇರಿನಲ್ಲಿ ಇಳಿಯುವವನ ಬ್ರೇಕಿಗೆ ಉಳಿಯುವುದು ಮೂರರಲ್ಲೊಂದು ಪಾಲಿನ ಭಾರ. ನ್ಯೂಟ್ರಲಿನಲ್ಲಿ ಇಳಿಯುವವನ ಬ್ರೇಕು ಅಷ್ಟನ್ನೂ ಹೊರಬೇಕು.

ಹೊತ್ತರೆ ಏನಾಗುತ್ತದೆ? ಬ್ರೇಕು ತಡೆದ ಶಕ್ತಿಯೆಲ್ಲ ಶಾಖವಾಗುತ್ತದೆ. ಐನೂರು ಮೀಟರು ಎತ್ತರದ ಘಟ್ಟದಿಂದ ಈ ಪುಟ್ಟ ಕಾರನ್ನು ಬರಿಯ ಬ್ರೇಕಿನಿಂದಲೇ ಇಳಿಸಿದರೆ, ಹನ್ನೆರಡು ಲೀಟರು ತಣ್ಣೀರನ್ನು ಕುದಿಬರಿಸುವಷ್ಟು ಶಾಖ ಆ ನಾಲ್ಕು ಬ್ರೇಕುಗಳಲ್ಲಿ ಹುಟ್ಟುತ್ತದೆ. ಹದಿನಾರು ಟನ್ ತೂಗುವ ಲಾರಿಯಲ್ಲಿ ಅದರ ಇಪ್ಪತ್ತು ಪಟ್ಟು. ಕಾದ ಬ್ರೇಕಿನ ಹಿಡಿತ ಸಡಿಲುತ್ತದೆ. ಅದರ ದ್ರವ ಕುದಿದರೆ ಪೆಡಲು ಬಟ್ಟೆಯ ಗಂಟನ್ನು ತುಳಿದಂತೆ ಮೆತ್ತಗಾಗುತ್ತದೆ. ಬ್ರೇಕು ಬೇಕಾಗಿದ್ದ ತಿರುವಿನಲ್ಲಿ ಬ್ರೇಕೇ ಇಲ್ಲ. ಹೀಗೆ ಕಣಿವೆ ಸೇರಿದ ಗಾಡಿಗಳ ಸುದ್ದಿಯನ್ನು ಓದಿ ವಿಧಿಯನ್ನು ಹಳಿಯುವವರುಂಟು. ಎಷ್ಟೋ ವೇಳೆ ವಿಧಿಯದಲ್ಲ ತಪ್ಪು, ವಿಧಾನದ್ದು.

ಪೆಟ್ರೋಲು ಉಳಿಯುತ್ತದೆಂದು ಗೇರು ಬಿಡಿಸಿ ಇಳಿಯುವ ಅಭ್ಯಾಸ ಹಲವರಲ್ಲಿದೆ. ಇಂದಿನ ಗಾಡಿಗಳಲ್ಲಿ ಈ ಉಳಿತಾಯವೂ ಬರಿಯ ಭ್ರಮೆ. ಗೇರಿನಲ್ಲಿದ್ದು ಇಳಿಯುವಾಗ ಎಂಜಿನನ್ನು ಗಾಲಿಗಳೇ ತಿರುಗಿಸುವುದರಿಂದ ಇಂಧನದ ಸರಬರಾಜನ್ನು ಗಾಡಿ ತಾನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲಿನಲ್ಲಾದರೆ ಎಂಜಿನು ಆರದಂತೆ ಇಂಧನವನ್ನು ಹನಿಸುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಅಪಾಯವೂ ತಪ್ಪಿದ್ದಲ್ಲ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಡ್ರೈವರುಗಳು ಹೊಸಬರಿಗೆ ಹೇಳಿಕೊಡುತ್ತಿದ್ದ ಮಾತು ಶಾಸ್ತ್ರಕ್ಕೆ ಒಪ್ಪುವಂಥದು. ಕಿರಿದಾದ ಘಟ್ಟದ ದಾರಿಯಲ್ಲಿ ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕೆಂಬ ನಮ್ಮ ರಸ್ತೆಯ ನಿಯಮವೂ ಹಾಗೆಯೇ ಉಚಿತವಾದದ್ದು. ಏರಿನ ಮಧ್ಯೆ ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಎಷ್ಟು ಬಲದ ಕೆಲಸವೆಂಬುದನ್ನು ಈಗ ನೀವೇ ಲೆಕ್ಕ ಹಾಕಬಲ್ಲಿರಿ.

ಚರಿತ್ರೆಯ ಚಕ್ರ ಈಗ ಇನ್ನೊಂದು ಸುತ್ತು ಬಂದಿದೆ. ೨೦೦೧ರಲ್ಲಿ ನಮ್ಮ ಬೆಂಗಳೂರಿನಿಂದಲೇ ರೇವಾ ಎಂಬ ವಿದ್ಯುತ್ ಕಾರು ಹೊರಬಂದು ಲಂಡನ್ನಿನ ಬೀದಿಗಳವರೆಗೂ ಹೋಯಿತು. ಬದಲಿಸಬೇಕಾದ ಗೇರುಗಳು ಅದರಲ್ಲಿರಲಿಲ್ಲ. ಅನಂತರ ಬಂದ ವಿದ್ಯುತ್ ಕಾರುಗಳಲ್ಲಿಯೂ ಬಹುಪಾಲು ಹಾಗೆಯೇ. ವಿದ್ಯುತ್ ಮೋಟಾರು ಉಗಿಯಂತೆ, ಎತ್ತಿನಂತೆ, ನಿಂತಲ್ಲಿಂದಲೇ ಪೂರ್ಣ ತಿರುಗುಬಲ ಕೊಡಬಲ್ಲದು. ಸಾವಿರಾರು ಸುತ್ತುಗಳವರೆಗೂ ದಣಿಯದೆ ತಿರುಗಬಲ್ಲದು. ಅದಕ್ಕೂ ಗಾಲಿಗೂ ನಡುವೆ ಬದಲಾಗದ ಒಂದು ಹಲ್ಲುಚಕ್ರದ ಜೋಡಣೆ ಇದ್ದರೆ ಸಾಕು. ಹೀಗಿದ್ದೂ ೨೦೧೯ರಲ್ಲಿ ಬಂದ ಪೋರ್ಷೆ ಟೈಕಾನ್ ಎಂಬ ಅತಿವೇಗದ ವಿದ್ಯುತ್ ಕಾರಿನ ಹಿಂದಿನ ಅಚ್ಚಿಗೆ ಎರಡು ಗೇರುಗಳನ್ನಿಟ್ಟರು. ಹೊರಡುವಾಗಿನ ಬಲವೂ ಓಡುವಾಗಿನ ವೇಗವೂ ಎರಡೂ ಮಿತಿಮೀರಿ ಬೇಕೆಂದಾಗ ಹಳೆಯ ಮಧ್ಯಸ್ಥನನ್ನು ಮತ್ತೆ ಕರೆಯದೆ ಗತಿಯಿಲ್ಲ. ಇಳಿಜಾರಿನಲ್ಲಿ ವಿದ್ಯುತ್ ಕಾರಿನ ಮೋಟಾರೇ ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಗೆ ಮರಳಿಸುತ್ತದೆ; ಅದೇ ಅದರ ತಡೆ. ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ ಅದು ಮತ್ತೆ ಸ್ವೀಕರಿಸಲಾರದು. ಆಗ ಭಾರವೆಲ್ಲ ಬ್ರೇಕಿನ ಮೇಲೆಯೇ. ಘಟ್ಟದ ತುದಿಯ ಊರಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ಇಳಿಯುವವರು ಇದನ್ನು ಅರಿತಿರಬೇಕು.

ಗೇರುದಂಡ ಕೈಬಿಟ್ಟುಹೋದ ಕಾಲದಲ್ಲಿ ಈ ವಿಚಾರವೆಲ್ಲ ಏಕೆಂದು ತರುಣ ಓದುಗರು ಕೇಳಬಹುದು. ತಾನೇ ಬದಲಿಸಿಕೊಳ್ಳುವ ಗೇರಿನ ಗಾಡಿಗೆ ಮುಂದೆ ತಿರುವಿದೆಯೆಂಬುದಾಗಲಿ, ಹತ್ತು ಕಿಲೋಮೀಟರು ಇಳಿಜಾರಿದೆಯೆಂಬುದಾಗಲಿ ಎಲ್ಲ ವೇಳೆಯೂ ಗೊತ್ತಿರುವುದಿಲ್ಲ. ಅಂಥ ಗಾಡಿಗಳಲ್ಲೂ ಕೆಳಗಿನ ಗೇರನ್ನು ಹಿಡಿದಿಡುವ ಗುರುತೊಂದನ್ನು ದಂಡದ ಪಕ್ಕದಲ್ಲಿ ಬರೆದಿಟ್ಟಿರುತ್ತಾರೆ. ಅದು ಏಕಿದೆಯೆಂದು ತಿಳಿದವನೇ ಅದನ್ನು ಬಳಸಿಯಾನು. ಯಂತ್ರ ಎಷ್ಟೇ ಬದಲಾಗಲಿ, ಬೆಟ್ಟವಾಗಲಿ ಭೂಮಿಯ ಸೆಳೆತವಾಗಲಿ ಬದಲಾಗಿಲ್ಲ. ನಿಮ್ಮ ಮನೆಯಲ್ಲಿ ಹೊಸದಾಗಿ ಗಾಡಿ ಕಲಿಯುತ್ತಿರುವ ಮಗನೋ ಮಗಳೋ ಇದ್ದರೆ, ಗೇರು ಹಾಕುವುದು ಹೇಗೆಂದು ಕಲಿಸುವವರು ಬೇರೆ ಸಿಕ್ಕಾರು; ಏಕೆಂಬುದನ್ನು ನೀವು ಒಮ್ಮೆ ಕುಳಿತು ಹೇಳಿ. ಘಟ್ಟ ಇಳಿಯುವ ದಿನ ಅದು ಅವರ ಪ್ರಯೋಜನಕ್ಕೆ ಬರುತ್ತದೆ.